ಮನೆಗೊಂದಾಳು

ನಾನು ಹುಣಸೂರಿನ ಒಂದು ಪದವಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರದ ಮೇಷ್ಟ್ರು. ಈ ವಿಷಯ ತೆಗೆದುಕೊಳ್ಳುವ ಮಕ್ಕಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತ ಬಂದು, ಈಗ ನನ್ನ ತರಗತಿಯಲ್ಲಿ ಇರುವವರನ್ನು ಎಣಿಸುವುದಕ್ಕೆ ಕೈಬೆರಳು ಸಾಕು. ಹೀಗಾಗಿ ನನಗೆ ಪುರುಸೊತ್ತು ಜಾಸ್ತಿ, ಸಿಡುಕು ಅದಕ್ಕಿಂತ ಜಾಸ್ತಿ. ಮೈಸೂರಿನಲ್ಲಿ ಮೇಲಿನ ಓದು ಓದುತ್ತಿರುವ ಡಾಕ್ಟರುಗಳೂ ದನದ ಡಾಕ್ಟರುಗಳೂ ತಮ್ಮ ಪ್ರಬಂಧದ ಅಂಕಿಗಳನ್ನು ಹೊತ್ತುಕೊಂಡು ನನ್ನ ಹತ್ತಿರ ಬರುತ್ತಾರೆ. ರಕ್ತ ಕಂಡರೆ ಹೆದರದ ಈ ಜನ ಅಂಕಿ ಕಂಡರೆ ಬೆವರುತ್ತಾರೆ. ನಾನು ಬೈದುಕೊಂಡೇ ಮಾಡಿಕೊಡುತ್ತೇನೆ. ಬೈಸಿಕೊಂಡರೂ ಮತ್ತೆ ಬರುತ್ತಾರಲ್ಲ ಎನ್ನುವುದು ನನಗೆ ಒಳಗೊಳಗೇ ಖುಷಿ.

ಅವರೆಲ್ಲರ ಮೊದಲ ತಪ್ಪು ಒಂದೇ. ಏನು ಸಿಕ್ಕಿದರೂ ಸರಾಸರಿ ತೆಗೆದುಬಿಡುತ್ತಾರೆ. ಎಚ್.ಡಿ. ಕೋಟೆಯ ಹಂಪಾಪುರದ ಕಡೆಯಿಂದ ಒಬ್ಬ ದನದ ಡಾಕ್ಟರು ಕೆಲವು ಮೇಕೆಗಳಿಗೆ ಔಷಧಿ ಕುಡಿಸಿ, ಎಲ್ಲದರ ಹಿಕ್ಕೆಯಲ್ಲಿ ಹೊಟ್ಟೆಹುಳದ ಮೊಟ್ಟೆ ಎಣಿಸಿಕೊಂಡು ಬಂದಿದ್ದರು. ಮಂದೆಯಲ್ಲಿ ಮುಕ್ಕಾಲು ಪಾಲು ಮೇಕೆಗಳಿಗೆ ಹುಳ ಅಷ್ಟಕ್ಕಷ್ಟೇ. ಎಲ್ಲೋ ಎರಡರ ಹೊಟ್ಟೆಯಲ್ಲಿ ಮಾತ್ರ ಸಂತೆ ನೆರೆದಿತ್ತು. ಸರಾಸರಿ ತೆಗೆದರೆ ಇಡೀ ಮಂದೆಯೇ ಹುಳ ತುಂಬಿ ಸಾಯುವ ಹಾಗೆ ಕಾಣುತ್ತದೆ. ಎರಡು ಮೇಕೆಯ ಪಾಪವನ್ನು ಎಲ್ಲಕ್ಕೂ ಹಂಚಬೇಡಿ ಎಂದು ಬೈದು ನಾನ್-ಪ್ಯಾರಾಮೆಟ್ರಿಕ್ ಪರೀಕ್ಷೆ ಹಾಕಿಕೊಟ್ಟೆ. ಹೆಸರು ದೊಡ್ಡದು, ಕೆಲಸ ಸರಳ. ಮೊಟ್ಟೆ ಎಷ್ಟು ಎನ್ನುವುದಕ್ಕೆ ಅದು ತಲೆ ಕೆಡಿಸಿಕೊಳ್ಳುವುದಿಲ್ಲ. ಕಡಿಮೆ ಇರುವುದರಿಂದ ಹೆಚ್ಚು ಇರುವುದರವರೆಗೆ ಎಲ್ಲವನ್ನೂ ಸಾಲಾಗಿ ನಿಲ್ಲಿಸಿ ಒಂದು, ಎರಡು, ಮೂರು ಎಂದು ಕ್ರಮಸಂಖ್ಯೆ ಕೊಡುತ್ತದೆ. ಆಮೇಲೆ ಔಷಧಿ ಕುಡಿದ ಮೇಕೆಗಳು ಸಾಲಿನ ಯಾವ ತುದಿಗೆ ಸೇರಿಕೊಂಡಿವೆ ಎಂದು ನೋಡುತ್ತದೆ, ಅಷ್ಟೇ.

ಈ ಪರೀಕ್ಷೆಗಳ ಮೇಲೆ ನನಗೆ ಮೊದಲಿನಿಂದಲೂ ಒಲವು. ಸಾವಿರಾರು ಜನರನ್ನು ಅವು ಕೇಳುವುದಿಲ್ಲ, ಸಣ್ಣ ಗುಂಪಿದ್ದರೂ ನಡೆಯುತ್ತದೆ. ಅದಕ್ಕಿಂತ ಮುಖ್ಯವಾಗಿ, ನೋವು, ಸಂಕಟ, ಸುಸ್ತು ಇವನ್ನೆಲ್ಲ ತೂಗುವ ತಕ್ಕಡಿ ಎಲ್ಲಿದೆ? ಸ್ವಲ್ಪ, ಜಾಸ್ತಿ, ತಡೆಯಲಾರೆ ಎನ್ನುವಷ್ಟೇ ಮನುಷ್ಯರ ಬಾಯಲ್ಲಿ ಬರುವುದು. ಆ ಮಾತನ್ನೇ ಅಂಕಿಯಾಗಿ ತೆಗೆದುಕೊಳ್ಳುವ ದೊಡ್ಡ ಮನಸ್ಸು ಇವಕ್ಕಿದೆ ಎಂದು ನಂಬಿದ್ದೆ. ತರಗತಿಯಲ್ಲಿ ಇವನ್ನು ಬಡವರ ಪರೀಕ್ಷೆ ಎಂದೇ ಕರೆಯುತ್ತಿದ್ದೆ. ಈಗ ಹಾಗೆ ಕರೆಯುವುದನ್ನು ಬಿಟ್ಟಿದ್ದೇನೆ.

ಕೆಲವು ವರ್ಷದ ಹಿಂದೆ ಒಬ್ಬ ಡಾಕ್ಟರಮ್ಮ ನನ್ನ ಹತ್ತಿರ ಬಂದರು. ಚಿಕ್ಕ ವಯಸ್ಸು, ಎಂ.ಡಿ. ಓದುತ್ತಿದ್ದರು, ಪಿರಿಯಾಪಟ್ಟಣ ತಾಲ್ಲೂಕಿನ ಹಳ್ಳಿಗಳಲ್ಲಿ ಅವರ ಕೆಲಸ. ಹೊಗೆಸೊಪ್ಪು ಮುರಿಯುವ ಕಾಲದಲ್ಲಿ ಹೆಂಗಸರು ವಾಂತಿ, ತಲೆಸುತ್ತು ಎಂದು ಸಾಲುಗಟ್ಟಿ ಬರುವುದನ್ನು ಅವರು ನೋಡಿದ್ದರು. ನಮ್ಮ ಕಡೆಯವರಿಗೆ ಇದು ಹೊಸದಲ್ಲ. ಬೆಳಗಿನ ಇಬ್ಬನಿಯಲ್ಲಿ ನೆಂದ ಎಲೆಯನ್ನು ಬರಿಗೈಲಿ ಮುರಿದು ಕಂಕುಳಲ್ಲಿ ಅವುಚಿಕೊಂಡು ಬಂದರೆ ಅದರ ವಿಷ ಚರ್ಮದಿಂದಲೇ ಒಳಗೆ ಇಳಿಯುತ್ತದೆ. ಬೀಡಿಯನ್ನು ಮುಟ್ಟಿ ನೋಡದ ಹೆಂಗಸಿಗೂ ಸಂಜೆಯ ಹೊತ್ತಿಗೆ ಹೊಗೆಸೊಪ್ಪು ತಲೆಗೇರಿರುತ್ತದೆ. ಸೊಪ್ಪಿನ ಕಾಲದಲ್ಲಿ ಹಾಗೇ ಎಂದು ಎಲ್ಲರೂ ಒಪ್ಪಿಕೊಂಡುಬಿಟ್ಟಿದ್ದಾರೆ.

ಡಾಕ್ಟರಮ್ಮ ಒಪ್ಪಿಕೊಂಡಿರಲಿಲ್ಲ. ಕೈಗೆ ಗ್ಲೌಸು, ತೋಳಿಗೆ ರೇನ್‌ಕೋಟಿನ ಬಟ್ಟೆಯ ಉದ್ದ ತೋಳು, ಇಷ್ಟು ಹಾಕಿಕೊಂಡರೆ ವಾಂತಿ ಕಡಿಮೆಯಾಗುತ್ತದೆಯೇ ಎಂದು ಪರೀಕ್ಷಿಸುವುದು ಅವರ ಪ್ರಬಂಧ. ತೋಳುಗಳನ್ನು ಹುಣಸೂರಿನ ಒಬ್ಬ ದರ್ಜಿ ಸಾಬರ ಹತ್ತಿರ ಹೊಲಿಸಿಯೂ ಆಗಿತ್ತು. ಪರೀಕ್ಷೆಗೆ ಆರಿಸಿಕೊಂಡಿದ್ದ ಊರಿನ ಬೆಳೆಗಾರರು ಒಂದು ಮಾತು ಕೊಟ್ಟಿದ್ದರು. ಉಪಯೋಗವಿದೆ ಎಂದು ಡಾಕ್ಟರುಗಳು ಬರೆದುಕೊಟ್ಟರೆ ಮುಂದಿನ ಬೆಳೆಯಿಂದ ಸೊಪ್ಪು ಮುರಿಯುವ ಪ್ರತಿ ಹೆಂಗಸಿಗೂ ಅವರೇ ಕೊಡಿಸುತ್ತಾರೆ. ನಮ್ಮ ಲೆಕ್ಕಕ್ಕೆ ಕಾಯುತ್ತಿದ್ದದ್ದು ಅದು.

ಕ್ರಮವನ್ನು ನಾನೇ ಹಾಕಿಕೊಟ್ಟೆ. ಮೊದಲ ವಾರ ಬರಿಗೈ, ಎರಡನೆಯ ವಾರ ಗ್ಲೌಸು. ವಾರದ ಕೊನೆಗೆ ಪ್ರತಿ ಹೆಂಗಸನ್ನೂ ಕೇಳುವುದು: ವಾಂತಿ ಇಲ್ಲವೆಂದರೆ ಸೊನ್ನೆ, ತಡೆಯಲಾರದಷ್ಟು ಎಂದರೆ ಮೂರು. ಒಬ್ಬೊಬ್ಬಳ ಎರಡು ಉತ್ತರಗಳನ್ನು ಜೋಡಿ ಮಾಡಿ, ಯಾರಿಗೆ ಎಷ್ಟು ಇಳಿಯಿತು ಎಂದು ನೋಡಿ, ಹೆಚ್ಚು ಇಳಿದವರಿಗೆ ಹೆಚ್ಚಿನ ಕ್ರಮಸಂಖ್ಯೆ. ಡಾಕ್ಟರಮ್ಮ ಊರಿನ ಹೆಂಗಸರನ್ನೆಲ್ಲ ಸೇರಿಸಿಕೊಳ್ಳೋಣ ಎಂದರು. ನಾನು ಬೈದೆ. ಒಂದೇ ಮನೆಯ ಇಬ್ಬರು ಒಂದೇ ನೀರು ಕುಡಿಯುತ್ತಾರೆ, ಒಂದೇ ಹೊಲದಲ್ಲಿ ಮುರಿಯುತ್ತಾರೆ, ಒಬ್ಬಳ ಉತ್ತರ ಇನ್ನೊಬ್ಬಳ ಉತ್ತರಕ್ಕೆ ಅಂಟಿಕೊಂಡಿರುತ್ತದೆ, ಅದು ಲೆಕ್ಕಕ್ಕೆ ಬರುವುದಿಲ್ಲ ಎಂದು ದೊಡ್ಡ ಪಾಠ ಮಾಡಿದೆ. ಅಷ್ಟಕ್ಕೇ ನಿಲ್ಲದೆ ಮೊದಲ ದಿನ ನಾನೇ ಆ ಊರಿಗೆ ಹೋಗಿ, ಹಾಲಿನ ಡೈರಿಯ ಜಗುಲಿಯ ಮೇಲೆ ನಿಂತು ಹೆಂಗಸರಿಗೆ ಹೇಳಿದೆ.

“ಮನೆಗೆ ಒಬ್ರು ಬಂದ್ರೆ ಸಾಕು ಕಣ್ರವ್ವಾ. ಆದ್ರೆ ಎರಡು ವಾರವೂ ತಪ್ಪಿಸ್ಬೇಡಿ.”

ಎಲ್ಲರೂ ತಲೆಯಾಡಿಸಿದರು. ಯಾರೂ ಮರುಪ್ರಶ್ನೆ ಕೇಳಲಿಲ್ಲ. ನನ್ನ ಮಾತು ಅಷ್ಟು ಸಲೀಸಾಗಿ ಯಾರಿಗಾದರೂ ಅರ್ಥವಾದದ್ದು ಅದೇ ಮೊದಲು; ಆಗಲೇ ನನಗೆ ಅನುಮಾನ ಬರಬೇಕಿತ್ತು.

ಮೊದಲ ವಾರದ ಕೊನೆಗೆ ಉತ್ತರ ಬರೆದುಕೊಳ್ಳುವಾಗ ನಾನೂ ಡಾಕ್ಟರಮ್ಮನ ಜೊತೆ ಕೂತಿದ್ದೆ. ಬಂದವರಲ್ಲಿ ಒಬ್ಬ ಹೆಣ್ಣುಮಗಳು ನನಗೆ ನೆನಪಿನಲ್ಲಿ ಉಳಿದಿದ್ದಾಳೆ. ಆ ಊರಿಗೆ ಸೊಸೆಯಾಗಿ ಬಂದು ಮೂರು ವರ್ಷವಾಗಿತ್ತು. ಬಡಕಲು ಮೈ, ಎಷ್ಟು ಉಜ್ಜಿದರೂ ಹೋಗದ ಸೊಪ್ಪಿನ ಅಂಟಿನಿಂದ ಕಪ್ಪಾದ ಅಂಗೈ. ವಾಂತಿಗೆ ಮೂರು, ತಲೆಸುತ್ತಿಗೆ ಮೂರು. ಹಿಂದಿನ ವರ್ಷ ಸೊಪ್ಪು ಮುರಿಯುವ ಕಾಲದಲ್ಲೇ ಅವಳಿಗೆ ಮೂರು ತಿಂಗಳ ಬಸಿರು ಇಳಿದುಹೋಗಿತ್ತು. ಸೊಪ್ಪಿನಿಂದಲೇ ಆಯಿತು ಎಂದು ಅವಳ ನಂಬಿಕೆ. ಮೈಯಲ್ಲಿ ಕಸುವಿಲ್ಲದ್ದರಿಂದ ಆಯಿತು ಎಂದು ಅತ್ತೆಯ ನಂಬಿಕೆ. ಡಾಕ್ಟರಮ್ಮ ಎರಡನ್ನೂ ಬರೆದುಕೊಂಡರು. ಕಾಗದ ನನ್ನ ಕೈಯಲ್ಲಿದ್ದದ್ದರಿಂದ ಅವಳು ನನ್ನನ್ನೇ ಕೇಳಿದಳು.

“ಗ್ಲೌಸು ಮುಂದಿನ್ ವರ್ಸಾನೂ ಕೊಡ್ತಾರಂತಲ್ಲ ಸಾರ್, ದಿಟ್ವಾ?”

ನೀವೆಲ್ಲ ಕೊಡುವ ಉತ್ತರದಲ್ಲಿ ಉಪಯೋಗ ಕಂಡರೆ ಕೊಡುತ್ತಾರೆ ಎಂದೆ. ಹಾಗಿದ್ದರೆ ಸರಿಯಾಗಿಯೇ ಹೇಳುತ್ತೇನೆ ಎಂದು ಎದ್ದು ಹೋದಳು.

ಎರಡು ವಾರ ಮುಗಿದ ಮೇಲೆ ಫಾರಂಗಳೆಲ್ಲ ನನ್ನ ಮನೆಗೆ ಬಂದವು. ಎರಡನೆಯ ವಾರ ನಾನು ಹೋಗಿರಲಿಲ್ಲ, ಕಾಲೇಜಿನಲ್ಲಿ ಪರೀಕ್ಷೆಯ ಮೇಲ್ವಿಚಾರಣೆ ಇತ್ತು. ಡಾಕ್ಟರಮ್ಮನಿಗೂ ಆಸ್ಪತ್ರೆಯ ಪಾಳಿ ಬಿದ್ದು, ಉತ್ತರ ಬರೆದುಕೊಳ್ಳಲು ಆ ಊರು ಕಾಣದ ಇಬ್ಬರು ನರ್ಸುಗಳನ್ನು ಕಳಿಸಿದ್ದರು. ಫಾರಂ ನೋಡಿದ ಕೂಡಲೇ ಗೊತ್ತಾಯಿತು, ಇಂಥ ಫಲಿತಾಂಶ ನನ್ನ ಕೈಯಲ್ಲಿ ಹಿಂದೆಂದೂ ಬಂದಿರಲಿಲ್ಲ. ಮೂರು ಇದ್ದಲ್ಲಿ ಸೊನ್ನೆ, ಎರಡು ಇದ್ದಲ್ಲಿ ಸೊನ್ನೆ. ಆ ಸೊಸೆಯದು ಎಲ್ಲರಿಗಿಂತ ಮುಂದೆ, ವಾಂತಿಯೂ ಇಲ್ಲ, ತಲೆಸುತ್ತೂ ಇಲ್ಲ. ಪರೀಕ್ಷೆ ಹಾಕಿದೆ, ಗ್ಲೌಸು ಗೆದ್ದಿತ್ತು. ಕೂಡಲೇ ಡಾಕ್ಟರಮ್ಮನಿಗೆ ಫೋನು ಮಾಡಿ ಹೇಳಿದೆ.  ಯಾವುದೋ ಪ್ರಬಂಧದ ಅಂಕಿಯಿಂದ ಒಬ್ಬಳ ಹೊಟ್ಟೆ ತಣ್ಣಗಾಗುತ್ತದೆ ಎಂದರೆ ನನ್ನಂಥ ಸಿಡುಕನಿಗೂ ಸಂತೋಷವಾಗದೆ ಇರುತ್ತದೆಯೇ?

ಆಮೇಲೆ ಉಳಿದ ಕಾಲಂಗಳನ್ನು ತುಂಬಲು ಕೂತೆ. ವಾಂತಿಯಾಗುವವರೆಂದು ಡಾಕ್ಟರಮ್ಮ ಪ್ರತಿ ವಾರವೂ ಹೆಂಗಸರ ತೂಕ ನೋಡಿಸಿದ್ದರು. ನನಗೆ ಬೇಕಿಲ್ಲದ ಕಾಲಂ, ಆದರೂ ಬರೆದದ್ದನ್ನು ಬಿಡಬಾರದು ಎನ್ನುವುದು ನನ್ನ ಚಾಳಿ. ಆ ಸೊಸೆಯ ಫಾರಂನಲ್ಲಿ ಮೊದಲ ವಾರ ನಲವತ್ತೊಂದು ಕೆಜಿ, ಎರಡನೆಯ ವಾರ ಅರವತ್ತಮೂರು. ಒಂದೇ ವಾರದಲ್ಲಿ ಇಪ್ಪತ್ತೆರಡು ಕೆಜಿ ದಪ್ಪಗಾಗಿದ್ದಳು. ಮೊದಲು ತೂಕದ ಯಂತ್ರವನ್ನು ಬೈದೆ, ಆಮೇಲೆ ಬರೆದ ನರ್ಸನ್ನು ಬೈದೆ. ಮುಂದಿನ ಫಾರಂ ನೋಡಿದರೆ ಇನ್ನೊಬ್ಬಳು ಹದಿನೆಂಟು ಕೆಜಿ ಇಳಿದಿದ್ದಳು. ಹೀಗೆ ಒಂದಲ್ಲ, ಹನ್ನೊಂದು ಫಾರಂ ಸಿಕ್ಕವು. ಬೈಯಲು ಯಾರೂ ಉಳಿಯಲಿಲ್ಲ.

ಡಾಕ್ಟರಮ್ಮನಿಗೆ ಹೇಳಿದರೆ, ತೂಕ ಪ್ರಬಂಧಕ್ಕೆ ಬೇಡವೇ ಬೇಡ, ಆ ಕಾಲಂ ತೆಗೆದುಬಿಡಿ ಸಾರ್ ಎಂದರು. ತೆಗೆದುಬಿಡಬಹುದಿತ್ತು. ಬೆಳಿಗ್ಗೆ ಬೈಕು ಹತ್ತಿ ಊರಿಗೆ ಹೋದೆ.

ಆ ಮನೆಯ ಅತ್ತೆ ಹೊಗೆಸೊಪ್ಪು ಹದಮಾಡುವ ಬ್ಯಾರನ್ನಿನ ಮುಂದೆ ನೆರಳಲ್ಲಿ ಕೂತು ಹಸಿ ಎಲೆಗಳನ್ನು ಕಡ್ಡಿಗೆ ಕಟ್ಟುತ್ತಿದ್ದರು. ಕಟ್ಟುಮಸ್ತಾದ ಹೆಂಗಸು, ಅರವತ್ತಮೂರು ಕೆಜಿ ಎಂದು ನೋಡಿದೊಡನೆ ಹೇಳಬಹುದಿತ್ತು. ಕಾಫಿ ಕುಡಿಯಿರಿ ಎಂದರು. ಸೊಸೆ ಎರಡನೆಯ ವಾರ ಬಂದಿರಲಿಲ್ಲವೇ ಎಂದು ಕೇಳಿದೆ. ಆಕೆಗೆ ನನ್ನ ಪ್ರಶ್ನೆಯೇ ವಿಚಿತ್ರವೆನಿಸಿತು.

“ಮನೆಗೊಂದಾಳು ಅಂತ ನೀವೇ ತಾನೆ ಯೋಳಿದ್ದು? ಅವ್ಳು ಕಕ್ಕೀ ಕಕ್ಕೀ ಚಾಪೆ ಇಡಿದ್ಬುಟ್ಲು. ಅದ್ಕೇ ನಾನ್ ಬಂದೆ. ನಮ್ ಮನೆ ಆಳು ಒಂದ್ ದಿನಾನೂ ತಪ್ನಿಲ್ಲ ಕಣಪ್ಪ.”

ಅದನ್ನು ಹೆಮ್ಮೆಯಿಂದ ಹೇಳಿದರು. ನಾನು ಕಾಫಿ ಲೋಟ ಹಿಡಿದುಕೊಂಡು ಕೂತೇ ಇದ್ದೆ.

ಮುಯ್ಯಾಳು ಎಂದರೇನು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಾನು ಹುಟ್ಟಿದ್ದು ಕೆ.ಆರ್. ನಗರದ ಹೊಸ ಅಗ್ರಹಾರದ ಹತ್ತಿರದ ಹಳ್ಳಿಯಲ್ಲಿ. ಇವತ್ತು ನಿಮ್ಮ ಮನೆಯವರು ನಮ್ಮ ಗದ್ದೆಗೆ ನಾಟಿಗೆ ಬಂದರೆ ನಾಳೆ ನಮ್ಮ ಮನೆಯಿಂದ ನಿಮ್ಮ ಗದ್ದೆಗೆ. ಬರುವುದು ಯಾರು ಎಂದು ಕೇಳುವವರಿಲ್ಲ. ನನ್ನ ಅವ್ವನಿಗೆ ಜ್ವರ ಬಂದರೆ ಚಿಕ್ಕವ್ವ ಸೆರಗು ಕಟ್ಟಿಕೊಂಡು ಹೊರಡುತ್ತಿದ್ದಳು. ಅವ್ವನ ಮುಯ್ಯಿ ಅಲ್ಲಿಗೆ ತೀರಿತು. ಬರಬೇಕಾದ್ದು ಮನೆ, ಮನುಷ್ಯರಲ್ಲ. ಗ್ಲೌಸು ಹಾಕಿಕೊಂಡು ಸೊಪ್ಪು ಮುರಿದು ಪ್ರಶ್ನೆಗೆ ಉತ್ತರ ಹೇಳುವುದನ್ನೂ ಆ ಹೆಂಗಸರು ಡಾಕ್ಟರಮ್ಮನಿಗೆ ಮಾಡುತ್ತಿದ್ದ ಮುಯ್ಯಾಳು ಎಂದೇ ತಿಳಿದಿದ್ದರು. ಮನೆಗೆ ಒಬ್ಬರು, ತಪ್ಪಿಸಬೇಡಿ ಎಂದು ಜಗುಲಿ ಹತ್ತಿ ಸಾರಿದವನು ನಾನು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನು ಹೋಗಿ ಬಚ್ಚಲಲ್ಲಿ ಬಿತ್ತಂತೆ.

ಹನ್ನೊಂದು ಮನೆಗೂ ಹೋದೆ. ಎಲ್ಲ ಕಡೆ ಕತೆ ಒಂದೇ. ಮೊದಲ ವಾರ ವಾಂತಿ ಮಾಡಿಕೊಂಡವಳು ಎರಡನೆಯ ವಾರ ಏಳಲಾಗದೆ ಮನೆಯಲ್ಲಿ ಮಲಗಿದ್ದಳು. ಅವಳ ಬದಲು ಅತ್ತೆಯೋ ನಾದಿನಿಯೋ ಓರಗಿತ್ತಿಯೋ, ಮನೆಯಲ್ಲಿ ಯಾರು ಗಟ್ಟಿಯಾಗಿದ್ದರೋ ಅವರು ಬಂದಿದ್ದರು. ಹೆಸರು ಕೂಗಿದರೆ ಆ ಮನೆಯವರು ಓ ಎಂದಿದ್ದರು. ನರ್ಸುಗಳು ಹೇಗಿದ್ದೀರಿ ಎಂದು ಕೇಳಿದರೆ ಚೆನ್ನಾಗಿದ್ದೀನಿ ಎಂದಿದ್ದರು. ಯಾರೂ ಒಂದು ಸುಳ್ಳನ್ನೂ ಹೇಳಿರಲಿಲ್ಲ. ಕಾಗದದ ಮೇಲೆ ಎಲ್ಲರಿಗಿಂತ ಹೆಚ್ಚು ಗುಣವಾಗಿದ್ದ ಆ ಸೊಸೆ ಒಂದು ದಿನವೂ ಗ್ಲೌಸು ಹಾಕಿಯೇ ಇರಲಿಲ್ಲ. ಹಂಪಾಪುರದ ಮೇಕೆಗಳು ನನಗೆ ಹೀಗೆ ಮಾಡಿರಲಿಲ್ಲ. ಮೇಕೆಗೆ ಕಿವಿಯಲ್ಲಿ ನಂಬರಿನ ಓಲೆ ಇರುತ್ತದೆ, ಅದು ತನ್ನ ಬದಲು ಅತ್ತೆಯನ್ನು ಕಳಿಸುವುದಿಲ್ಲ.

ಡಾಕ್ಟರಮ್ಮ ಸಂಜೆ ಕಾಲೇಜಿಗೇ ಬಂದರು. ಎಲ್ಲವನ್ನೂ ಕೇಳಿಸಿಕೊಂಡರು. ಅವರು ಮೋಸಗಾರರಲ್ಲ, ಅದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಕೊನೆಗೆ ತಗ್ಗಿದ ದನಿಯಲ್ಲಿ ಕೇಳಿದರು.

“ಗ್ಲೌಸು ಹಾಕಿದರೆ ಒಳ್ಳೆಯದೇ ಆಗುತ್ತೆ ಅಂತ ನಮಗಿಬ್ಬರಿಗೂ ಗೊತ್ತು ಸಾರ್. ಇದನ್ನ ಹೀಗೇ ಬಿಟ್ಟರೆ ಯಾರಿಗೆ ನಷ್ಟ?”

 ಚಾಪೆ ಹಿಡಿದವಳಿಗೆ ವಾಂತಿ ನಿಂತಿತು ಎಂದು ನನ್ನ ಕೈಯಿಂದ ಬರೆಯಲಾರೆ ಎಂದುಬಿಟ್ಟೆ. ಅದನ್ನು ಪ್ರಾಮಾಣಿಕತೆ ಎಂದು ಕರೆದುಕೊಂಡು ಕೆಲವು ದಿನ ಓಡಾಡಿದೆ. ನಿಜ ಹೇಳಬೇಕೆಂದರೆ ಅದರಲ್ಲಿ ಅರ್ಧ ಜಂಭ. ಜೋಡಿ ತಪ್ಪಿದರೆ ಲೆಕ್ಕವೇ ಅಲ್ಲ ಎಂದು ಇಪ್ಪತ್ತು ವರ್ಷ ಕಂಡಕಂಡವರಿಗೆ ಬೈದವನು, ನನ್ನದೇ ಕೈಯಲ್ಲಿ ತಪ್ಪಿದ ಜೋಡಿಯನ್ನು ಒಪ್ಪಿಕೊಳ್ಳುವುದು ಹೇಗೆ ಎನ್ನುವ ಜಂಭ.

ಹನ್ನೊಂದು ಫಾರಂ ತೆಗೆದೆ. ಉಳಿದವರು ಯಾರು ಎಂದು ಆಗ ಕಂಡಿತು. ಎರಡು ವಾರವೂ ತಪ್ಪದೆ ಬಂದವರೆಂದರೆ ಮೊದಲಿನಿಂದಲೂ ಗಟ್ಟಿಮುಟ್ಟಾಗಿದ್ದವರು. ಬರಿಗೈಲಿ ಮುರಿದಾಗಲೂ ಸೊನ್ನೆ, ಗ್ಲೌಸು ಹಾಕಿದಾಗಲೂ ಸೊನ್ನೆ. ಈ ಪರೀಕ್ಷೆಯಲ್ಲಿ ಎರಡು ಉತ್ತರಕ್ಕೂ ವ್ಯತ್ಯಾಸವಿಲ್ಲದವರನ್ನು ಸಾಲಿನಿಂದ ಆಚೆ ಕಳಿಸುವುದು ನಿಯಮ. ಏರಿಳಿತವಿಲ್ಲದವರಿಗೆ ಕ್ರಮಸಂಖ್ಯೆ ಎಲ್ಲಿಂದ ಕೊಡುವುದು? ಹಾಗೆ ಕಳಿಸುತ್ತ ಹೋದೆ. ಕಾಯಿಲೆ ಬಿದ್ದವರು ಬಾರದ್ದಕ್ಕೆ ಹೋದರು, ಕಾಯಿಲೆ ಬೀಳದವರು ಬಂದದ್ದಕ್ಕೆ ಹೋದರು. ಕೊನೆಗೆ ಸಾಲಿನಲ್ಲಿ ಮೂರು ಜನ ನಿಂತಿದ್ದರು. ಮೂರು ಜನರಿಂದ ಯಾವ ಪರೀಕ್ಷೆಯೂ ಏನನ್ನೂ ಹೇಳಲಾರದು.

ಮತ್ತೊಮ್ಮೆ ಮಾಡೋಣ ಎಂದರೆ ಹೊಲದಲ್ಲಿ ಎಲೆ ಮುಗಿದಿತ್ತು, ಬರಿ ಕಡ್ಡಿ ನಿಂತಿದ್ದವು. ಮುಂದಿನ ಬೆಳೆಗೆ ಕಾಯಲು ಡಾಕ್ಟರಮ್ಮನಿಗೆ ಅವಧಿ ಇರಲಿಲ್ಲ. ಅವರ ಗುರುಗಳು ಬೇರೆ ವಿಷಯ ಕೊಟ್ಟರು, ಅವರು ಅದನ್ನೇ ಬರೆದು ಪಾಸಾಗಿ ಎಲ್ಲಿಗೋ ಹೋದರು. ಹೋಗುವ ಮುಂಚೆ ನನಗೆ ಫೋನು ಮಾಡಿದ್ದರು. ನನ್ನ ಮೇಲೆ ಸಿಟ್ಟಿಲ್ಲ ಎಂದರು. ಸಿಟ್ಟು ಮಾಡಿಕೊಂಡಿದ್ದರೆ ಚೆನ್ನಾಗಿತ್ತು.

ಬೆಳೆಗಾರರಿಗೆ ತಿಳಿಸುವ ಕೆಲಸ ನನಗೆ ಬಿತ್ತು. ಉಪಯೋಗವಿದೆ ಎಂದು ಸಾಬೀತಾಗಲಿಲ್ಲ ಎಂದು ಹೇಳಿದೆ. ಓಹೋ, ಉಪಯೋಗ ಇಲ್ಲವಂತೆ ಎಂದು ತಮ್ಮೊಳಗೇ ಮಾತನಾಡಿಕೊಂಡರು. ಹಾಗಲ್ಲ, ಇದೆ ಎಂದೂ ಗೊತ್ತಾಗಲಿಲ್ಲ, ಇಲ್ಲ ಎಂದೂ ಗೊತ್ತಾಗಲಿಲ್ಲ ಎಂದೆ. ತರಗತಿಯಲ್ಲಿ ಇದನ್ನು ಅರ್ಥ ಮಾಡಿಸಲು ನನಗೆ ಒಂದು ವಾರ ಬೇಕು. ಅಲ್ಲಿ ಐದು ನಿಮಿಷವೂ ಸಿಗಲಿಲ್ಲ. ಒಬ್ಬ ಯಜಮಾನರು ಸಮಾಧಾನದ ದನಿಯಲ್ಲೇ, ನಮ್ಮ ಹೆಂಗಸರಿಗೆ ಇದು ಅಭ್ಯಾಸ ಬಿಡಿ ಮೇಷ್ಟ್ರೇ ಎಂದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಆ ಪೂಜಾರಿ ನಾನೇ ಆಗಿದ್ದೆ. ಆ ವರ್ಷ ಬಂದ ಇಬ್ಬರು ಡಾಕ್ಟರುಗಳಿಗೆ ಈ ವಿಷಯ ತೆಗೆದುಕೊಳ್ಳಿ ಎಂದು ಕೇಳಿಕೊಂಡೆ. ಒಂದು ಸಲ ಕೈಕೊಟ್ಟ ವಿಷಯ ಯಾರಿಗೆ ಬೇಕು?

ಮರುವರ್ಷ ಸೊಪ್ಪು ಮುರಿಯುವ ಕಾಲಕ್ಕೆ ನಾನಾಗಿಯೇ ಆ ಊರಿಗೆ ಹೋದೆ. ಯಾಕೆ ಹೋದೆ ಎಂದು ಕೇಳಿದರೆ ಗೊತ್ತಿಲ್ಲ. ಬೆಳಗಿನ ಹೊತ್ತು, ಎಲೆಗಳ ಮೇಲೆ ಇನ್ನೂ ನೀರು. ಬದುವಿನ ಮೇಲೆ ನಿಂತಿದ್ದೆ. ಆ ಸೊಸೆ ಎಲೆ ಅವುಚಿಕೊಂಡು ಸಾಲಿನಿಂದ ಈಚೆ ಬಂದಳು. ಎರಡು ಕೈಗೂ ಪ್ಲಾಸ್ಟಿಕ್ ಕವರು ಸಿಕ್ಕಿಸಿ ಮಣಿಕಟ್ಟಿಗೆ ದಾರ ಸುತ್ತಿದ್ದಳು. ಬೆರಳ ತುದಿಯಲ್ಲಿ ಎರಡೂ ಹರಿದಿದ್ದವು. ನನ್ನ ಗುರುತು ಸಿಕ್ಕಿ, ಎಲೆ ಕೆಳಗಿಟ್ಟು ನಿಂತಳು. ಅತ್ತೆ ಮಂಡಿನೋವಿಂದ ಕೂತುಬಿಟ್ಟಿದ್ದಾರೆ, ಈಗ ಎಲ್ಲ ಕಡೆಗೂ ತಾನೇ ಹೋಗುತ್ತಿರುವುದು ಎಂದಳು. ಮತ್ತೆ ಮೂರು ತಿಂಗಳು ಎಂದು ನೆಲ ನೋಡಿಕೊಂಡು ಹೇಳಿದಳು. ಬಿಟ್ಟುಬಿಡಬಾರದೇ ಎಂದು ಬಾಯಿಗೆ ಬಂತು. ಬಿಟ್ಟು ಯಾರನ್ನು ಕಳಿಸಬೇಕು ಅವಳು? 

ಗ್ಲೌಸಿನ ವಿಷಯ ಏನಾಯಿತು ಎಂದು ಅವಳೇ ಕೇಳಿದಳು. ಕೊಡುವುದಿಲ್ಲ ಎಂದೆ. ತಾನು ಮೊದಲ ವಾರ ಎಲ್ಲವನ್ನೂ ಸರಿಯಾಗಿಯೇ ಹೇಳಿದ್ದೆನಲ್ಲ ಎಂದಳು. ಹೇಳಿದ್ದಿರಿ, ಆದರೆ ಎರಡನೆಯ ವಾರ ನೀವು ಬರಲಿಲ್ಲವಲ್ಲ, ಅದಕ್ಕೆ ನಿಮ್ಮ ಉತ್ತರವನ್ನು ತೆಗೆದುಕೊಳ್ಳಲಾಗಲಿಲ್ಲ ಎಂದು ಹೇಳಿದೆ.  ಸಿಟ್ಟಿನಿಂದಲ್ಲ, ತಿಳಿದುಕೊಳ್ಳಬೇಕೆಂದೇ ಕೇಳಿದಳು.

“ನಾನ್ ಬರ್ನಿಲ್ಲ ಸರಿ. ಕಕ್ಕಿದ್ದಕ್ಕೇ ಅಲ್ವಾ ಸಾರ್ ಬರ್ನಿಲ್ಲ?”

ಹೌದು ಎಂದೆ. ಇನ್ನೇನಾದರೂ ಹೇಳುತ್ತೇನೇನೋ ಎಂದು ಅವಳು ನನ್ನ ಮುಖ ನೋಡುತ್ತ ನಿಂತಳು.  ಆ ತುದಿಯಿಂದ ಯಾರೋ ಕರೆದರು. ಅವಳು ಕೈಯ ದಾರವನ್ನು ಹಲ್ಲಲ್ಲಿ ಎಳೆದು ಬಿಗಿ ಮಾಡಿಕೊಂಡು ಒದ್ದೆ ಎಲೆಗಳ ನಡುವೆ ಹೋದಳು.